ಏಳನೇ ಬಾಟಲಿ

ಇದಕ್ಕೆ ಇಲ್ಲಿ ಖೋರ್ ಅನ್ನುತ್ತಾರೆ. ನಾನು ಮನಸ್ಸಿನಲ್ಲಿ
ಅಳಿವೆ ಅಂದುಕೊಳ್ಳುತ್ತೇನೆ, ಬೇರೆ ಪದ ಬಾಯಿಗೆ ಬರುವುದಿಲ್ಲ.
ಆದರೆ ಅಳಿವೆಗೊಂದು ನದಿ ಬೇಡವೆ?
ದುಬೈಯ ನಡುವಿಗೆ ಸಮುದ್ರವೇ ನಡೆದು ಬಂದು
ದೇರಾದ ಬುಡದಲ್ಲಿ ಸುತ್ತಾಡಿ, ಎದುರುಗೊಳ್ಳಲು ಯಾರೂ ಇಲ್ಲವೆಂದು
ಹಿಂದಕ್ಕೆ ಹೋಗುತ್ತದೆ,
ದಿನಕ್ಕೆ ಎರಡು ಸಲ.

ಬಲದಿಯಾದ ದೋಣಿ ಐದೂವರೆಗೆ ಹೊರಡುತ್ತದೆ.
ಬಿಸಿಲೇರಿದರೆ ಕೆಟ್ಟ ನೀರೂ ಕೆಡುತ್ತದೆ,
ಅನ್ನುತ್ತಾಳೆ ಮೌಜಾ ಮೇಡಂ, ಐಸಿನ ಪೆಟ್ಟಿಗೆ ಮುಚ್ಚುತ್ತಾ.
ಹತ್ತು ಜಾಗ, ಹತ್ತು ಬಾಟಲಿ.
ಮೂರು ಸಲ ಅದೇ ನೀರಲ್ಲಿ ಗಲಬರಿಸಿ ತುಂಬಬೇಕು,
ಮುಚ್ಚಳದಡಿ ಒಂದು ಗುಳ್ಳೆಯೂ ಉಳಿಯಬಾರದು.
ಗಂಗೊಳ್ಳಿಯಲ್ಲಿ ನಾವು
ನೀರು ಚೆಲ್ಲಿ ಮೀನು ಇಟ್ಟುಕೊಳ್ಳುತ್ತಿದ್ದೆವು.
ಬಲೆ ಎಳೆದ ಕೈಗೆ ಈ ನಾಜೂಕು ಹತ್ತಲು ಒಂದು ವರ್ಷ ಹಿಡಿಯಿತು.

ನಿಮ್ಮ ಭಾಷೆಯಲ್ಲಿ ಇದಕ್ಕೇನು, ಕೇಳಿದಳು ಒಮ್ಮೆ.
ಅಳಿವೆ, ಅಂದೆ.
ಕೊನೆಗೊಂದು ಕೊಂಬು ಹಚ್ಚಿದರೆ ಅಳಿವು
ಅಂತ ಹೇಳಲಿಲ್ಲ.

ನಾಲ್ಕನೆಯ ಜಾಗ ಮರದ ಹಡಗುಗಳ ಸಾಲು.
ಫ್ರಿಜ್ಜು, ಟೈರು, ಈರುಳ್ಳಿ, ಮೇಲೊಂದು ಕಟ್ಟಿಹಾಕಿದ ಆಡು.
ತಳದ ಎಣ್ಣೆನೀರನ್ನು ರಾತ್ರಿ ಕದ್ದು ಬಿಟ್ಟು
ದಂಡ ಕಟ್ಟಿದ ನಾಖುದಾ ಜುಸಬ್
ನನ್ನ ಕಂಡಾಗಲೆಲ್ಲ ಹೆಬ್ಬೆರಳು ಬಾಯಿಗಿಟ್ಟು
ಬಾಟಲಿ ಎತ್ತಿದಂತೆ ಮಾಡುತ್ತಾನೆ.
ಈಗ ಅವನ ಎಣ್ಣೆಗೆ ಸರ್ಕಾರದ ಟ್ಯಾಂಕರೇ ಬರುತ್ತದೆ.
ನಾಲ್ಕನೆಯದರಲ್ಲಿ ಕಾಮನಬಿಲ್ಲು ಕಾಣುವುದು ಕಡಿಮೆ.

ಏಳನೆಯದು ಮಳೆನೀರಿನ ಕೊಳವೆಯ ಬಾಯಿ.
ಮಳೆಯೇ ಇಲ್ಲದ ಊರಲ್ಲಿ ಅದೊಂದು ಮಾತ್ರ
ದಿನಾ ಹರಿಯುತ್ತಿತ್ತು, ಬೆಚ್ಚಗೆ,
ಮಲ್ಲಿಗೆಯ ವಾಸನೆ ಹೊತ್ತು. ಸಾಬೂನಿನ ಮಲ್ಲಿಗೆ.
ಇಗೋ ಸಿಕ್ಕಿತು ನದಿ, ಅಂದುಕೊಂಡೆ.
ಲೇಬಲ್ಲಿನ ಮೇಲೆ ಬರೆದೆ: ತಾರೀಕು, ಗಂಟೆ, ಏಳು.

ಆಮೇಲೆ ಇಲಾಖೆಯವರು ರಸ್ತೆಯ ಒಂದೊಂದೇ ಗುಂಡಿ ತೆರೆದು
ಹಸಿರು ಬಣ್ಣ ಸುರಿಯುತ್ತ ಬಂದರು.
ನಾನು ಕೊಳವೆಯ ಬಾಯಲ್ಲಿ ದೋಣಿ ನಿಲ್ಲಿಸಿ ಕಾದೆ.
ಒಂಬತ್ತನೆಯ ಗುಂಡಿಗೆ ನೀರು ಗಿಳಿಯಾಯಿತು.
ರೇಡಿಯೋ ಎತ್ತಿ ಹೇಳಿದೆ, ಬಂತು.
ಅಷ್ಟೇ ಹೇಳಿದ್ದು.

ಸಂಜೆ ಗೊತ್ತಾಯಿತು, ಅದು ಇದಿನಬ್ಬನ ಲಾಂಡ್ರಿ.
ನನ್ನ ಮೇಲಿನ ಮಂಚದ ಇದಿನಬ್ಬ, ಉಳ್ಳಾಲದವ,
ಹೋಟೆಲಿನ ಬಿಳಿ ಚಾದರ ಒಗೆದೊಗೆದು
ಬೆರಳ ತುದಿ ಸದಾ ಸುಕ್ಕುಗಟ್ಟಿದವ.
ಬಾಗಿಲಿಗೆ ಸೀಲು, ನಾಲ್ಕು ಭಾಷೆಯ ನೋಟೀಸು.
ಕನ್ನಡ ಅದರಲ್ಲಿಲ್ಲ. ಅರಬಿ ಅವನಿಗೆ ಓದಲು ಬರುತ್ತದೆ,
ಅರ್ಥ ಬರುವುದಿಲ್ಲ. ಇಂಗ್ಲಿಷು ನನಗೆ ಅಷ್ಟಿಷ್ಟು.
ಹಾಗಾಗಿ ನಾನೇ ಓದಿ ಹೇಳಿದೆ: ಕೊಳಕು ನೀರು
ಎಲ್ಲಿ ಬಿಡಬೇಕಿತ್ತು, ಎಲ್ಲಿ ಬಿಟ್ಟಿರಿ, ದಂಡ ಎಷ್ಟು.
ಹಿಡಿದದ್ದು ಯಾರು ಅಂತ ನೋಟೀಸಿನಲ್ಲಿ ಇರಲಿಲ್ಲ.
ಇಲ್ಲದ್ದನ್ನು ನಾನೂ ಓದಲಿಲ್ಲ.

ಇಪ್ಪತ್ತಾರು ದಿನ ಸಂಬಳವಿಲ್ಲದೆ ಮಲಗಿದ್ದ.
ಅವನು ಮಗ್ಗುಲಾದರೆ ನನ್ನ ಮುಖದ ಮೇಲೆ ಮಂಚ ಕಿರುಗುಟ್ಟುತ್ತಿತ್ತು.
ಪೈಪು ಹಾಕಿಸಿದ್ದು ಮಾಲಿಕ ಮಾರಾಯ, ನಾನಾ?
ಕೇಳುತ್ತಿದ್ದ ಕತ್ತಲಲ್ಲಿ.
ಅಲ್ಲ, ಅನ್ನುತ್ತಿದ್ದೆ.
ಮೆಸ್ಸಿನ ದುಡ್ಡು ನಾನು ಕಟ್ಟಿದೆ.
ನೀನು ಒಳ್ಳೆಯವ, ಅಂದ.

ಲಾಂಡ್ರಿ ತೆರೆದು ತಿಂಗಳಾಯಿತು. ಅದರ ನೀರೀಗ ನೆಲದಡಿಯಲ್ಲೇ
ದೂರದ ಶುದ್ಧೀಕರಣ ಘಟಕಕ್ಕೆ ಹೋಗುತ್ತದಂತೆ.
ಒಣಗಿದ ಕೊಳವೆಯ ಬಾಯಲ್ಲೊಂದು ಏಡಿ ಮನೆ ಮಾಡಿದೆ.
ಮೇಲುಗಡೆ, ಹತ್ತನೆಯ ಜಾಗದ ಕೆಸರಲ್ಲಿ
ಫ್ಲೆಮಿಂಗೊಗಳು ಕೊಕ್ಕು ತಲೆಕೆಳಗು ಮಾಡಿ
ತಮ್ಮ ಪಾಡಿಗೆ ತಾವು ನೀರು ಸೋಸುತ್ತಿವೆ.
ಮೇಡಂ ಕಾಗದದ ಮೇಲೆ ಇಳಿಯುವ ಗೆರೆ ತೋರಿಸಿದಳು.
ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ.

ಮೊನ್ನೆ ಇದಿನಬ್ಬ ನನ್ನ ನೀಲಿ ಯೂನಿಫಾರ್ಮ್
ತಾನೇ ಒಯ್ದು ಒಗೆದು ಇಸ್ತ್ರಿ ಮಾಡಿ ತಂದ.
ಮಡಿಕೆಯ ಮೇಲೆ, ಜೇಬಿನಲ್ಲಿ ಮರೆತಿದ್ದ ಒಂದು ಲೇಬಲ್ಲು,
ಒದ್ದೆಯಾಗದಂತೆ ಮೊದಲೇ ತೆಗೆದಿಟ್ಟದ್ದು:
ಆ ದಿನದ ತಾರೀಕು, ನನ್ನ ಅಕ್ಷರದಲ್ಲಿ ಏಳು.

ಚಹಾ ಕುಡಿಯುತ್ತೀಯಾ, ಅಂದ.