ಅಲುಗಾಡ್ರಿ

ಡಬ್ಬಿ ತೆರೆದರೆ ಕೆಟ್ಟ ಉಪ್ಪಿನಕಾಯಿಯ ಹುಳಿ.
ಎಂಟು ಮಿಲಿಮೀಟರಿನ ಹದಿನಾಲ್ಕು ಸುರುಳಿ,
ಮೇಲೆ ಉರ್ದು ಚೀಟಿ.
ಬೂದೆಪ್ಪನವರು ವಕೀಲಿ ಓದಿದ್ದು ಹೈದರಾಬಾದಿನಲ್ಲಲ್ಲವೇ.
ನನಗೆ ಓದಲು ಬಾರದು. ಅವರ ಜೀಪು ಓಡಿಸುತ್ತಿದ್ದ
ಖಾಜಾಹುಸೇನ ಚಾಚಾನನ್ನು ಕರೆಸಿ
ರಾಯಚೂರು, ತೀನ್ ಕಂದೀಲಿನ ಹಿಂದೆ, ಈ ಅಂಗಡಿಯಲ್ಲಿ
ಶಟರು ಅರ್ಧ ಇಳಿಸಿ ಕೂತಿದ್ದೇವೆ.

'ಏಳನೇದು,' ಅಂದ. 'ಪಾನೀ ಆಯಾ. ನೀರು ಬಂತು.'

ಗೋಡೆಯ ಮೇಲೆ ನೀರು ಇನ್ನೂ ಬಂದಿಲ್ಲ.
ಸಿಂಧನೂರಿನಾಚೆ ಒಣ ಕಾಲುವೆಯ ತಳದಲ್ಲಿ
ತಲೆಯ ಮೇಲೆ ಮಣ್ಣಿನ ಪುಟ್ಟಿ ಹೊತ್ತು
ಜನ ನಿಂತಿದ್ದಾರೆ. ನಿಂತೇ ಇದ್ದಾರೆ.
ಸುರುಳಿ ಸಿಕ್ಕಿಕೊಂಡಿತೆಂದು ಗಾಲಿ ಮುಟ್ಟಲು ಹೋದೆ;
ಅಷ್ಟರಲ್ಲಿ ಒಂದು ಮೇಕೆ ಅವರ ನಡುವೆ ಹಾದುಹೋಯಿತು.

'ಫೋಟೋ ಅಂದ್ಕೊಂಡಿದ್ರು,' ಚಾಚಾ ನಕ್ಕ.
'ಅಲುಗಾಡ್ರಿ, ಅಲುಗಾಡ್ರಿ ಅಂತ ಸಾಹೇಬರು ಗಂಟಲು ಹರಕೊಂಡ್ರು.
ಮುಖ ಕೆಡ್ತದಂತ ಒಬ್ರೂ ಉಸಿರು ಬಿಡ್ಲಿಲ್ಲ.'

ಆ ಗಂಟಲು ಸುರುಳಿಯಲ್ಲಿಲ್ಲ.
ಸೆರಗಿನ ಚುಂಗೊಂದು ಮಾತ್ರ
ಅವರ ಮಾತು ಕೇಳುತ್ತಿದೆ.

ನಮೂನೆಯಲ್ಲಿ ಎರಡು ಕಲಂ: ಗಣ್ಯರು, ಇತರರು.
ಇಂಜಿನಿಯರು, ತಹಶೀಲ್ದಾರ, ಕಂತ್ರಾಟುದಾರ ಎಂದು ತುಂಬಿ
ಇತರರು ಸುಮಾರು ನೂರು, ಎಂದು ಬರೆದೆ.
ಚಾಚಾ ಎದ್ದು ಗೋಡೆಗೆ ಹೋದ. ಅರ್ಧ ಕಾಲುವೆ ಅವನ ಬೆನ್ನ ಮೇಲೆ ಬಿತ್ತು.
ಒಂದು ಮುಖದ ಮೇಲೆ ಬೆರಳಿಟ್ಟ.

'ಇಕಿ ದುರುಗಮ್ಮ. ಬರಕೋ.
ಹನ್ನೆರಡಾಣೆ ಅಂದು ಎಂಟಾಣೆ ಕೊಟ್ರಂತ
ಮರುದಿನ ಪುಟ್ಟಿ ಒಗದು ಕುಂತಾಕಿ.
ಆಕಿ ಕುಂತ್ಲು ಅಂತ ಎಲ್ಲಾರೂ ಕುಂತ್ರು.'

'ಆ ದಿನದ್ದು ಯಾವ ಡಬ್ಬಿ?'

'ಆವತ್ತು ಕ್ಯಾಮೆರಾ ಜೀಪಿನಾಗ, ಚೀಲದಾಗ ಇತ್ತು.
ಸಾಹೇಬರು ಅಂದಿದ್ದು ಮಾತ್ರ ಅದೇ ಮಾತು.'

ಆಮೇಲೆ, ಒಂದು ಕತ್ತರಿಯಲ್ಲಿ ಎರಡು ವರ್ಷ ಹಾರಿ, ನೀರು:
ಕೆಸರು, ನೊರೆ, ಮುಂದೆ ಮುಂದೆ ಓಡುವ ನಾಯಿ.
ದಂಡೆಯ ತುಂಬ ಟೊಪ್ಪಿಗೆಗಳು. ದುರುಗಮ್ಮನನ್ನು
ಎರಡು ಸಲ ತಿರುಗಿಸಿ ಹುಡುಕಿದೆವು.

ಹದಿನಾಲ್ಕನೆಯದಕ್ಕೆ ಚೀಟಿಯಿಲ್ಲ.
ಅಂಗಳ. ಚೌಕಟ್ಟು ವಾಲಿದೆ; ಕ್ಯಾಮೆರಾ ಸೂಗಮ್ಮನವರ ಕೈಯಲ್ಲಿರಬೇಕು.
ಒಣಹಾಕಿದ ಧೋತರ ಹಾರುತ್ತಿದೆ, ಕೂಸು ಬಾಯ್ತೆರೆದು ಅಳುತ್ತಿದೆ,
ನಡುವೆ ವಕೀಲರು
ಕೈ ತೊಡೆಗೆ ಅಂಟಿಸಿ, ರೆಪ್ಪೆ ಬಡಿಯದೆ,
ನಿಂತಿದ್ದಾರೆ.

ಯಾವ ಕಲಂ ಚಾಚಾ, ಎಂದೆ.
ಅವನಿಗೆ ಕೇಳಿಸಲಿಲ್ಲ.
ಸೂಗಮ್ಮನವರ ನೆರಳು ನೆಲದ ಮೇಲೆ ಉದ್ದಕ್ಕೆ ಚಾಚಿ
ವಕೀಲರ ಚಪ್ಪಲಿ ಮುಟ್ಟಿದೆ.
ಆ ನೆರಳಿನ ಒಂದು ಕೈ ಮೇಲೆದ್ದು
ಏನೋ ಹೇಳುತ್ತಿದೆ, ಮತ್ತೆ ಮತ್ತೆ.