ಎರಡು ಸೀಟಿ

ಕೋಗಿಲು ದಾಟಿದರೆ, ಮನೆ ಏಳದ ಲೇಔಟಿನಲ್ಲಿ
ಸೈಟ್ ನಂಬರಿನ ಕಲ್ಲುಗಳ ನಡುವೆ
ನನ್ನ ಏಳು ಕುರಿ.
ನಲವತ್ತೊಂದರಲ್ಲಿ ಗರಿಕೆ ಚೆನ್ನಾಗಿದೆ.
ನಲವತ್ತನಾಲ್ಕರಲ್ಲಿ ಬರೀ ಕಾಂಗ್ರೆಸ್ ಗಿಡ.
ನಲವತ್ತೇಳರ ಯಜಮಾನರು ಮಸ್ಕತ್ತಿನಲ್ಲಿದ್ದಾರಂತೆ,
ಪುಣ್ಯಾತ್ಮರು,
ಅವರ ಹುಲ್ಲಿಗೆ ಬೇರೆಯೇ ರುಚಿ.

ಇಪ್ಪತ್ತಾರು ವರ್ಷ ಕಂಡಕ್ಟರಾಗಿದ್ದವಳು ನಾನು.
ರಿಟೈರಾದ ದಿನ ಬ್ಯಾಗು, ಬಿಲ್ಲೆ, ಟಿಕೆಟ್ ಮೆಷೀನು
ಎಲ್ಲಕ್ಕೂ ಲೆಕ್ಕ ಒಪ್ಪಿಸಿ ಸಹಿ ಹಾಕಿ ಬಂದೆ.
ಸೀಟಿಯನ್ನು ಯಾರೂ ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಒಂದು ಸಲ ಊದಿದರೆ ನಿಲ್ಲು,
ಎರಡು ಸಲ ಊದಿದರೆ ಹೊರಡು.
ಕೆಲವು ಡ್ರೈವರುಗಳಿಗೆ ಇದು ಕೊನೆಗೂ ತಿಳಿಯಲಿಲ್ಲ.
ಕುರಿಗಳಿಗೆ ಹದಿನೈದು ದಿನ ಸಾಕಾಯಿತು.

ಗಿಡ್ಡಿ, ದೊಡ್ಡಕರಿ, ಚಿಕ್ಕಕರಿ, ರಾಗಿ, ಬೊಟ್ಟು,
ಎಲ್ಲಿ ಬೇಕೋ ಅಲ್ಲಿ ನಿಂತುಬಿಡುವ ಹೋಲ್ಡಾನು,
ಕೊನೆಗೆ ಹುಟ್ಟಿದ್ದು, ಎಣಿಸುವಾಗ ಯಾವಾಗಲೂ ತಪ್ಪಿಹೋಗುವುದು,
ಚಿಲ್ಲರೆ.

ಬೆಳಗ್ಗೆ ಐದೂವರೆಗೆ ಸೊಪ್ಪಿನ ಚೌಡಪ್ಪನ ಗಾಡಿ ಹತ್ತಿರ
ಹೂಕೋಸಿನ ಎಲೆ, ಮೂಲಂಗಿ ಸೊಪ್ಪು, ಬಾಡಿದ ದಂಟು.
ಕಟ್ಟಿನಿಂದ ರಬ್ಬರ್ ಬ್ಯಾಂಡು ಒಂದೊಂದೇ ಬಿಡಿಸಿ
ಮುಂಗೈಗೆ ಹಾಕಿಕೊಳ್ಳುತ್ತೇನೆ,
ಎಂಟಕ್ಕೆ ನೋಡಿದರೆ ಬಳೆಗಿಂತ ಅವೇ ಜಾಸ್ತಿ.
ಹೋದ ವರ್ಷ ಎಂಟಿದ್ದವು.
ಡಾಕ್ಟರಮ್ಮ ಹೊಟ್ಟೆ ಕೊಯ್ದು
ಅರ್ಧ ಲೀಟರಿನ ಹಾಲಿನ ಕವರುಗಳನ್ನು ತೆಗೆದು
ಬಕೀಟಿನ ಅಂಚಿನ ಮೇಲೆ ಒಂದೊಂದೇ ಇಟ್ಟರು.
ನಾನು ಎಣಿಸಿದೆ. ಎಣಿಸದೆ ಇರಲು ಬರುವುದಿಲ್ಲ ನನಗೆ.
ಈಗ ದಿನಾ ಸಂಜೆ ಏಳು ಬಾಯಿಗೂ ಬೆರಳು ಹಾಕಿ ನೋಡುತ್ತೇನೆ,
ಪಾಸು ನೋಡಿದ ಹಾಗೆ.
ಕಚ್ಚುವುದಿಲ್ಲ.
ಚಿಲ್ಲರೆ ಮಾತ್ರ ಬೆರಳನ್ನೇ ಚೀಪುತ್ತದೆ.

ಬೈಕಿನವರು ನಿಲ್ಲಿಸಿ ಕೇಳುತ್ತಾರೆ,
'ಆ ಬಿಳೀದು ಎಷ್ಟು ಕೆ.ಜಿ. ಬೀಳತ್ತಮ್ಮ?'
'ನಾನು ಪ್ಯಾಸೆಂಜರನ್ನ ತೂಗಿದವಳಲ್ಲಪ್ಪ' ಅಂತೀನಿ.
ಹಾಗಂತ ನಾನೇನು ಸೊಪ್ಪುಸದೆ ತಿಂದು ಬದುಕಿದವಳಲ್ಲ.
ಭಾನುವಾರ ಅರ್ಧ ಕೆ.ಜಿ.ಗೆ ಕ್ಯೂ ನಿಲ್ಲುತ್ತೇನೆ,
ಬಂದು ಸೋಪು ಹಾಕಿ ಎರಡು ಸಲ ಕೈ ತೊಳೆಯುತ್ತೇನೆ.
ಆದರೂ ಗಿಡ್ಡಿ ಮೂಸಿ ಒಂದು ಹೆಜ್ಜೆ ಹಿಂದೆ ಹೋಗುತ್ತಾಳೆ.
ಸಂಜೆಗೆ ಮರೆಯುತ್ತಾಳೆ,
ಇಲ್ಲ, ಮರೆತ ಹಾಗೆ ಮಾಡುತ್ತಾಳೆ.

ಮೊನ್ನೆ ಲೆಕ್ಕಕ್ಕೆ ಆರೇ ಸಿಕ್ಕಿದವು.
ಡ್ಯೂಟಿಯಲ್ಲಾದರೆ ಕಮ್ಮಿ ಬಿದ್ದದ್ದನ್ನು ಕೈಯಿಂದ ಕಟ್ಟಿ
ಸುಮ್ಮನಾಗಬಹುದಿತ್ತು.
ಚರಂಡಿ, ಜೆಸಿಬಿ ಗುಂಡಿ, ಅಪಾರ್ಟ್‌ಮೆಂಟಿನ ಗೇಟು,
ಸೀಟಿ ಊದಿ ಊದಿ ಬಾಯಿ ಒಣಗಿತು.
ನೋಡಿದರೆ ಗಿಡ್ಡಿ
ಬಸ್ ಸ್ಟಾಪಿನಲ್ಲಿ, ಗಾರ್ಮೆಂಟ್ಸ್ ಹುಡುಗಿಯರ ಮಧ್ಯೆ
ಬಸ್ಸು ಬರುವ ಕಡೆ ಮುಖ ಮಾಡಿ ನಿಂತಿದ್ದಾಳೆ.
ಯಾರೋ ಅವಳ ಬೆನ್ನಿನ ಮೇಲೆ ಟಿಫನ್ ಬ್ಯಾಗ್ ಇಟ್ಟಿದ್ದಾರೆ.
ಬಸ್ಸು ಬಂತು. ಬಾಗಿಲಲ್ಲಿ ನಮ್ಮ ಡಿಪೋದ ಸಿದ್ದಗಂಗಯ್ಯ.
'ಏನ್ ಮೇಡಂ, ಇವರಿಗೂ ಟಿಕೆಟ್ಟಾ?'
'ಹೆಣ್ಣು ಕಣಯ್ಯ, ಫ್ರೀ' ಅಂದೆ.
ಅವನೂ ಬಿಡಲಿಲ್ಲ, ರೂಲ್ಸು ರೂಲ್ಸೇ ಅಂತ
ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಬಗ್ಗಿ ಕೊಟ್ಟ.
ಅವಳು ತಿಂದಳು.
ಚೆಕಿಂಗಿನವರು ಬಂದರೆ ಏನು ತೋರಿಸುತ್ತಾಳೋ.

ಕೂದಲು ಕತ್ತರಿಸಲು ಶಿರಾ ಕಡೆಯಿಂದ ಬರುವ ಮುದುಕ
ಈ ಸಲ ಬರಲಿಲ್ಲ, ಫೋನೂ ಎತ್ತಲಿಲ್ಲ.
ನಾನೇ ಹೊಲಿಗೆ ಕತ್ತರಿ ಹಿಡಿದೆ.
ಏಳೂ ಈಗ ಯಾರೋ ಇಲಿ ತಿಂದ ಕಂಬಳಿ ಹೊದ್ದ ಹಾಗಿವೆ,
ಬೇಜಾರು ಮಾಡಿಕೊಂಡಿಲ್ಲ.
ಉಣ್ಣೆ ದಿಂಬಿಗೆ ಹೋಯಿತು.
ಮಳೆ ಮೋಡ ಹಾಕಿದರೆ ದಿಂಬೂ ಕುರಿ ವಾಸನೆ ಬರುತ್ತದೆ.

ನಿಂತು ನಿಂತು ನರ ಉಬ್ಬಿದ ಕಾಲು ನನ್ನವು.
ಕತ್ತಲಾದ ಮೇಲೆ ಶೀಟಿನ ಕೆಳಗೆ ಚಾಪೆ ಹಾಸಿ ಚಾಚಿದರೆ
ಒಬ್ಬೊಬ್ಬರೇ ಬಂದು ಒರಗುತ್ತಾರೆ,
ಸೀಟು ಹಿಡಿದ ಹಾಗೆ. ಜಗಳ ಇಲ್ಲ.
ಮೆಲುಕು ಹಾಕುವ ಸದ್ದು.
ರಸ್ತೆಯಲ್ಲಿ ಲಾಸ್ಟ್ ಟ್ರಿಪ್ಪು ಖಾಲಿ ಹೋಗುತ್ತಾ
ಯಾರೋ ಅಭ್ಯಾಸಕ್ಕೆ ಒಂದು ಸೀಟಿ ಊದುತ್ತಾರೆ.
ಹದಿನಾಲ್ಕು ಕಿವಿ ನಿಮಿರುತ್ತವೆ.
ನನ್ನವೂ ಸೇರಿಸಿದರೆ ಹದಿನಾರು.
ಎರಡನೆಯದು ಬರಲಿ ಅಂತ ಕಾಯುತ್ತೇವೆ.