ತಟ್ಟೆ ಮಗುಚಿ ನೋಡುವವರು

ನಮ್ಮೂರಿನವರನ್ನು ಗುರುತಿಸುವುದು ಸುಲಭ.
ಯಾವ ದೇಶದ ಯಾವ ಹೋಟೆಲಲ್ಲಿ ಕೂತರೂ
ಊಟ ಬರುವ ಮುಂಚೆ
ಖಾಲಿ ತಟ್ಟೆ ಎತ್ತಿ, ಮಗುಚಿ,
ಬೆನ್ನಿನ ಮುದ್ರೆ ಓದುತ್ತೇವೆ.
ಮಾಣಿ ಹುಬ್ಬೇರಿಸಿದರೆ ಏರಿಸಲಿ.
ಸ್ಟೋಕ್ ಎಂದಿದ್ದರೆ ನೆಮ್ಮದಿಯಿಂದ ತಿನ್ನುತ್ತೇವೆ.
ಇಲ್ಲದಿದ್ದರೂ ತಿನ್ನುತ್ತೇವೆ, ಉಪ್ಪು ಕಮ್ಮಿ ಅನ್ನುತ್ತ.

ನಾನು ಗ್ಲೆನಿಸ್ ಬ್ಲೂರ್. ಲಾಂಗ್‌ಟನ್ನಿನಲ್ಲಿ
ಇಪ್ಪತ್ತಾರು ವರ್ಷ ತಟ್ಟೆಯ ಅಂಚಿಗೆ ಚಿನ್ನ ಎಳೆದವಳು.
ಉಸಿರು ಬಿಗಿಹಿಡಿದು ಒಂದೇ ಸುತ್ತು:
ಶುರುವಾದಲ್ಲೇ ಮುಗಿಯಬೇಕು,
ಸೇರಿದ್ದು ಕಾಣಬಾರದು.
ಹಚ್ಚುವಾಗ ಆ ಚಿನ್ನ ಬರೀ ಕಂದು, ಸಗಣಿ ನೀರು;
ಬೆಂಕಿ ಹೊಕ್ಕು ಬಂದ ಮೇಲೆಯೇ ಹೊಳಪು.
ಡಜನ್ನಿಗಿಷ್ಟು ಅಂತ ಕೂಲಿ. ಎಣಿಕೆ ತಪ್ಪದಿರಲೆಂದು
ಪ್ರತಿ ತಟ್ಟೆಯ ತಳದಲ್ಲಿ ನನ್ನ ಗುರುತು,
ಒಂದು ಪುಟ್ಟ ಕೊಕ್ಕೆ, ಪಕ್ಕದಲ್ಲಿ ಚುಕ್ಕೆ.

ಆ ಕೊಕ್ಕೆಗೆ ಏನೆಲ್ಲ ನೇತುಹಾಕಿದ್ದೆವು!
ಮನೆಸಾಲದ ಕಂತು, ಮುಂಬಾಗಿಲಿಗೆ ಹಸಿರು ಬಣ್ಣ,
ಬೇಸಿಗೆಯಲ್ಲೊಂದು ವಾರ ಲ್ಯಾಂಡಿಡ್ನೋ ಕಡಲತೀರ,
ಮಗಳು ಕಿರ್ಸ್ಟಿಗೆ ಕ್ಲಾರಿನೆಟ್ ಪಾಠ.
ಸಿರಿವಂತರಲ್ಲ. ತಿಂಗಳ ಕೊನೆಗೆ ಹೆದರದವರು, ಅಷ್ಟೆ.
ಅದಕ್ಕೊಂದು ವರ್ಗದ ಹೆಸರಿದೆ ಅಂತ
ಅದು ಹೋದ ಮೇಲೆ ರೇಡಿಯೋದವರು ಹೇಳಿದರು.

ಕುಂಬಾರನಿಗೆ ವರುಷ, ಸರಿ;
ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ.
ಒಂದು ಸೋಮವಾರ ಗೇಟಿಗೆ ಕಾಗದ ಅಂಟಿಸಿದ್ದರು.
ಓದಲು ನಿಮಿಷವೂ ಹಿಡಿಯಲಿಲ್ಲ.

ನಮ್ಮಜ್ಜ ಎನಾಕ್ ಹೇಳುತ್ತಿದ್ದ, ಅವನಜ್ಜ ಅವನಿಗೆ ಹೇಳಿದ್ದು:
ಆಗ ಆವಿಗೆಯಿಂದ ನೆಟ್ಟಗೆ ಬಂದ ಪಾತ್ರೆಗೆ ಮಾತ್ರ ಕೂಲಿಯಂತೆ.
ಹಸಿಮಣ್ಣು ತಿದ್ದಿದ ಕೈ ಎಷ್ಟೇ ಚೆನ್ನಾಗಿ ತಿದ್ದಿರಲಿ,
ಉರಿ ಹೆಚ್ಚಾಗಿ ಸೀಳಿದರೆ ಸೊನ್ನೆ.
ಬೆಂಕಿ ಧಣಿಯದು, ಬಿರುಕು ಮಾತ್ರ ಆಳಿನದು.
ಅದನ್ನು ನಿಲ್ಲಿಸಲು ಎಷ್ಟು ಚಳಿಗಾಲ ಬೀದಿಯಲ್ಲಿ ನಿಂತರೋ
ಅಜ್ಜನಿಗೂ ಲೆಕ್ಕ ಸಿಗುತ್ತಿರಲಿಲ್ಲ.

ಕಿರ್ಸ್ಟಿ ಈಗ ಕೈಲಾಗದವರ ಆರೈಕೆಗೆ ಹೋಗುತ್ತಾಳೆ,
ಮನೆಯಿಂದ ಮನೆಗೆ.
ಹೀತ್ ಅವರಿಗೆ ಕಾಲುಚೀಲ, ಮಾತ್ರೆ: ಹದಿನೈದು ನಿಮಿಷ.
ಐರಿಸ್‌ಗೆ ಸ್ನಾನ: ಮೂವತ್ತು.
ಬಾಗಿಲು ತೆರೆದಾಗ ಫೋನು ಕೂಲಿ ಎಣಿಸತೊಡಗುತ್ತದೆ,
ಮುಚ್ಚಿದಾಗ ನಿಲ್ಲಿಸುತ್ತದೆ.
ನಡುವಿನ ರಸ್ತೆ, ಕೆಂಪು ದೀಪ, ಮಳೆ, ಪೆಟ್ರೋಲು
ಅವಳವು.
ಬೆಳಿಗ್ಗೆ ಆರಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬಂದರೆ
ಎಂಟು ಗಂಟೆಯ ದುಡ್ಡು.
ಕ್ಲಾರಿನೆಟ್ ಮಾರಿ ಕಾರಿಗೆ ಟೈರು ಹಾಕಿಸಿ
ಹಿಂದಿನ ಸಣ್ಣ ಕೋಣೆಗೇ ಮರಳಿದ್ದಾಳೆ.
ಅವಳ ವಯಸ್ಸಿಗೆ ನಾವು ಅರ್ಧ ಮನೆಯ ಸಾಲ ತೀರಿಸಿದ್ದೆವು.
ಹೇಳುವುದಿಲ್ಲ ನಾನು. ಅವಳಿಗೆ ಗೊತ್ತು.

ಹೋದ ವಾರ ಹೀತ್ ಅವರ ಅಡುಗೆಮನೆಯಲ್ಲಿ
ತಟ್ಟೆ ತೊಳೆಯುತ್ತ ಮಗುಚಿದಳಂತೆ, ಅಭ್ಯಾಸ.
ಕೊಕ್ಕೆ. ಚುಕ್ಕೆ.
ನಾಲ್ಕು ನಿಮಿಷ ನೋಡುತ್ತ ನಿಂತಳಂತೆ, ಕೂಲಿಯಿಲ್ಲದ ನಾಲ್ಕು.

ಆ ರಾತ್ರಿಯಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ
ಬಾಗಿಲಿಗೂ ಬಾಗಿಲಿಗೂ ನಡುವಿನ ಹೊತ್ತನ್ನೆಲ್ಲ,
ತನ್ನದು, ಜೊತೆಗೆ ಇನ್ನೂ ಹನ್ನೊಂದು ಹೆಂಗಸರದು.
ಪುಟದ ಕೊನೆಗೆ ಸಹಿಯಿಲ್ಲ, ನನ್ನ ಕೊಕ್ಕೆ ಹಾಕುತ್ತಾಳೆ
ಸೊಟ್ಟಗೆ.

ಸೇರಿದ್ದು ಕಾಣಬಾರದು ಅಂತ ನಾನು ಕಲಿತಿದ್ದೆ.
ಈ ಸಲ ಕಾಣಲಿ ಅಮ್ಮ, ಅನ್ನುತ್ತಾಳೆ.
ಗುರುವಾರ ಏಳಕ್ಕೆ, ಚಾಪೆಲಿನ ಹಾಲಿನಲ್ಲಿ.
ಬಿಸ್ಕತ್ತು ನಾನು ತರುತ್ತೇನೆ ಅಂದೆ.
ತಟ್ಟೆ ಅಲ್ಲಿವೆ, ನೋಡಿದ್ದೇನೆ,
ಕೆಲವು ನಮ್ಮವೇ.